ದುಡ್ಡಿದ್ದರೆ ಸಾಲದು, ಲೆಕ್ಕವೂ ಬೇಕು

ಮಂಗಳೂರಿನ ಯಾವುದೇ ಗಲ್ಫ್ ಮನೆಗೆ ಹೋಗಿ ನೋಡಿ. ಚಾವಡಿಯ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ದಪ್ಪ ಕಡತ ಇದ್ದೇ ಇರುತ್ತದೆ. ರಬ್ಬರ್ ಬ್ಯಾಂಡ್ ಹಾಕಿದ ಹಳೆಯ ಪಾಸ್‌ಪೋರ್ಟುಗಳು, ಬಣ್ಣ ಮಾಸಿದ ವೀಸಾ ಪ್ರತಿಗಳು, ಕಂಪೆನಿಯ ಸಂಬಳ ಪತ್ರ, ಮುಚ್ಚಿಹೋದ ಖಾತೆಯ ಪಾಸ್‌ಬುಕ್ಕು, ಮಕ್ಕಳ ಅಂಕಪಟ್ಟಿ ಎಲ್ಲವೂ ಅದರಲ್ಲೇ. ಹಬ್ಬಕ್ಕೆ ಮನೆ ಗುಡಿಸುವಾಗ ‘ಇದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ?’ ಎಂದು ಮಕ್ಕಳು ಕೇಳುತ್ತಾರೆ. ‘ಇರಲಿ ಬಿಡು, ಯಾವಾಗ ಬೇಕಾದೀತೋ’ ಎಂದು ಅಪ್ಪ ಅದನ್ನು ಮತ್ತೆ ಒಳಗಿಡುತ್ತಾರೆ.

ಅದು ಬೇಕಾಗುವ ದಿನ ಬಂದೇ ಬರುತ್ತದೆ. ಆ ದಿನ ಬಂದಾಗ ಕಡತದಲ್ಲಿ ಎಲ್ಲವೂ ಇದ್ದು, ಬೇಕಾದ ಒಂದೇ ಒಂದು ಕಾಗದ ಇಲ್ಲದಿದ್ದರೆ ಏನಾಗುತ್ತದೆ? ಈ ಲೇಖನ ಅದರ ಬಗ್ಗೆ.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೆಸರು ಬೇಡ, ಇಂಥವರು ನಮ್ಮ ಊರಿನ ಬೀದಿ ಬೀದಿಯಲ್ಲೂ ಇದ್ದಾರೆ. 1995ರಲ್ಲಿ, 31ನೆಯ ವಯಸ್ಸಿನಲ್ಲಿ, ಇವರು ದುಬೈಗೆ ಹೊರಟರು. ಆಗ ಬಜ್ಪೆಯಿಂದ ಹೊರದೇಶಕ್ಕೆ ವಿಮಾನ ಇರಲಿಲ್ಲ. ಅದು ಆರಂಭವಾದದ್ದು 2006ರಲ್ಲಿ. ರಾತ್ರಿ ಬಸ್ಸು ಹತ್ತಿ ಮುಂಬಯಿಗೆ ಹೋಗಿ, ಅಲ್ಲಿಂದ ವಿಮಾನ ಏರಿದರು. 25 ವರ್ಷ ದುಡಿದರು. ತಾಯಿಯ ಕಡೆಯಿಂದ ಬಂದ ಪೇಟೆಯ ಜಾಗದಲ್ಲಿ ಬ್ಯಾಂಕ್ ಸಾಲ ಮಾಡಿ ಅಂಗಡಿ ಮಳಿಗೆಗಳ ಕಟ್ಟಡ ಕಟ್ಟಿಸಿದರು. ಸಾಲ ತೀರಿತು, ಬಾಡಿಗೆ ಬರತೊಡಗಿತು. 2020ರಲ್ಲಿ ಕೆಲಸದಿಂದ ನಿವೃತ್ತರಾದಾಗ ಮಗಳು ಅಲ್ಲಿಯ ಭಾರತೀಯ ಶಾಲೆಯಲ್ಲಿ 7ನೆಯ ತರಗತಿ. ಅವಳ ಓದು ಮುಗಿಯುವವರೆಗೆ ಅಲ್ಲೇ ಇರೋಣ ಎಂದು ಐದು ವರ್ಷದ ನಿವೃತ್ತಿ ವೀಸಾ ಪಡೆದರು.

2025ರಲ್ಲಿ ಆ ವೀಸಾ ನವೀಕರಿಸುವ ಸಮಯ ಬಂತು. ಮಗಳು ಈಗ 12ನೆಯ ತರಗತಿಯಲ್ಲಿದ್ದಾಳೆ. ಅವಳ ವೀಸಾ ಅಪ್ಪನ ವೀಸಾಕ್ಕೆ ಅಂಟಿಕೊಂಡಿದೆ. ಟೈಪಿಂಗ್ ಸೆಂಟರಿನವನು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ, ಕ್ಯಾಲ್ಕುಲೇಟರ್ ಒತ್ತಿ ಹೇಳಿದ: ‘ಆದಾಯ ಕಡಿಮೆ ಬೀಳ್ತದೆ ಸಾರ್.’

ಇವರಿಗೆ ನಂಬಲಾಗಲಿಲ್ಲ. ಐದು ವರ್ಷದಲ್ಲಿ ಬಾಡಿಗೆ ಏರಿದೆಯೇ ಹೊರತು ಇಳಿದಿಲ್ಲ! ಹಾಗಾದರೆ ತಪ್ಪಿದ್ದು ಎಲ್ಲಿ?

ಗಲ್ಫಿನಲ್ಲಿ ಮುಪ್ಪಿಗೆ ಜಾಗ ಎಷ್ಟು?

ಉತ್ತರ ತಿಳಿಯಬೇಕಾದರೆ ಗಲ್ಫಿನ ಉದ್ಯೋಗದ ಸ್ವರೂಪವನ್ನು ಸ್ವಲ್ಪ ನೋಡಬೇಕು. ಅಲ್ಲಿ ವಿದೇಶೀಯನ ವಾಸ ಸಾಮಾನ್ಯವಾಗಿ ಅವನ ಕೆಲಸಕ್ಕೆ ಕಟ್ಟಿದ ವಾಸ. ಕೆಲಸ ಮುಗಿದರೆ ವೀಸಾ ಮುಗಿಯುತ್ತದೆ. ಹೊಸ ದಾರಿ ಹುಡುಕಲು ಸೀಮಿತ ಗಡುವು ಮಾತ್ರ. ಹೆಂಡತಿ ಮಕ್ಕಳು ಅವನ ಮೇಲೆಯೇ ಅವಲಂಬಿತರಾಗಿದ್ದರೆ ಅವರ ವೀಸಾವೂ ಜತೆಗೇ ಹೋಗುತ್ತದೆ. ಮೂವತ್ತು ವರ್ಷ ದುಡಿದವನೂ ಲೆಕ್ಕದಲ್ಲಿ ಅತಿಥಿಯೇ.

ಇನ್ನು ಪಿಂಚಣಿಯ ಮಾತು. ನಮ್ಮ ಬ್ಯಾಂಕ್ ನೌಕರರಿಗೋ ಮೇಷ್ಟರಿಗೋ ಬರುವಂತೆ ಅಲ್ಲಿನ ನಮ್ಮವರಿಗೆ ತಿಂಗಳ ಪಿಂಚಣಿ ಇಲ್ಲ. ಕೊನೆಯಲ್ಲಿ ಒಂದು ಇಡಿಗಂಟು, ಅದೇ ಗ್ರಾಚ್ಯುಟಿ, ಸಿಗುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲಿನ ವರ್ಷಗಳಿಗೆ ವರ್ಷಕ್ಕೆ 30 ದಿನಗಳ ಮೂಲ ವೇತನ. ಒಟ್ಟು ಮೊತ್ತ ಎರಡು ವರ್ಷದ ವೇತನ ಮೀರುವಂತಿಲ್ಲ. ಇಲ್ಲಿ ಎಣಿಕೆಗೆ ಬರುವುದು ಮೂಲ ವೇತನ ಮಾತ್ರ; ಮನೆ ಬಾಡಿಗೆ, ಪ್ರಯಾಣ ಭತ್ಯೆ ಸೇರುವುದಿಲ್ಲ.

ವಿದ್ಯಾರ್ಥಿಗಳೇ, ಪೆನ್ಸಿಲ್ ತೆಗೆದುಕೊಳ್ಳಿ. ಮೂಲ ವೇತನ 5,000 ದಿರ್ಹಂ, ಸೇವೆ 25 ವರ್ಷ ಎಂದಿಟ್ಟುಕೊಳ್ಳಿ. ಮೊದಲ 5 ವರ್ಷಕ್ಕೆ 105 ದಿನ, ಉಳಿದ 20 ವರ್ಷಕ್ಕೆ 600 ದಿನ, ಒಟ್ಟು 705 ದಿನ. ತಿಂಗಳಿಗೆ 30 ದಿನದಂತೆ 23 ತಿಂಗಳೂವರೆ. ಕೈಗೆ ಬರುವುದು 1,17,500 ದಿರ್ಹಂ. ಒಂದು ಜೀವಮಾನದ ದುಡಿಮೆಯ ಕೊನೆಯ ಕಂತು ಇಷ್ಟು.

ಈಗ ನಿವೃತ್ತಿ ವೀಸಾದ ಷರತ್ತು ನೋಡಿ. 2018ರ ಸೆಪ್ಟೆಂಬರಿನಲ್ಲಿ ಎಮಿರೇಟ್ಸ್ ಸಚಿವ ಸಂಪುಟ 55 ವರ್ಷ ದಾಟಿದ ನಿವೃತ್ತರಿಗೆ ಐದು ವರ್ಷದ ವೀಸಾ ಕೊಡಲು ಒಪ್ಪಿತು. 2019ರಿಂದ ಜಾರಿಗೆ ಬರಬೇಕೆಂದು ಘೋಷಿಸಿದ ಆ ನಿಯಮದಲ್ಲಿ ಮೂರು ದಾರಿಗಳಿದ್ದವು. 20 ಲಕ್ಷ ದಿರ್ಹಂ ಬೆಲೆಯ ಆಸ್ತಿ, ಇಲ್ಲವೇ 10 ಲಕ್ಷ ದಿರ್ಹಮಿಗೆ ಕಡಿಮೆಯಿಲ್ಲದ ಉಳಿತಾಯ, ಇಲ್ಲವೇ ತಿಂಗಳಿಗೆ 20,000 ದಿರ್ಹಮಿಗೆ ಕಡಿಮೆಯಿಲ್ಲದ ಆದಾಯ. 2020ರಲ್ಲಿ ದುಬೈ ತನ್ನದೇ ನಿವೃತ್ತಿ ಕಾರ್ಯಕ್ರಮವನ್ನೂ ಆರಂಭಿಸಿತು. ಆಮೇಲೆ ಷರತ್ತುಗಳಲ್ಲಿ ಹೆಚ್ಚುಕಮ್ಮಿಗಳಾಗಿವೆ. ಆದ್ದರಿಂದ ಅರ್ಜಿ ಹಾಕುವ ದಿನದ ಮೊತ್ತವನ್ನು ಅಲ್ಲಿನ ಸರಕಾರದ ಅಧಿಕೃತ ಜಾಲತಾಣದಲ್ಲೇ ನೋಡಬೇಕು. ಇಲ್ಲಿ ಲೆಕ್ಕ ತಿಳಿಯಲು 20,000ವನ್ನೇ ಇಟ್ಟುಕೊಳ್ಳೋಣ.

25 ವರ್ಷದ ಗ್ರಾಚ್ಯುಟಿ 1,17,500. ಬೇಕಾದ ಉಳಿತಾಯ 10,00,000. ಎಂಟನೆಯ ಒಂದು ಪಾಲೂ ಆಗಲಿಲ್ಲ. ಅಂದರೆ ಈ ವೀಸಾ ನಮ್ಮ ಊರಿನ ಹೆಚ್ಚಿನ ಡ್ರೈವರು, ಫೋರ್‌ಮನ್, ಗುಮಾಸ್ತರಿಗೆ ಎಟಕುವಂಥದ್ದಲ್ಲ. ಊರಿನಲ್ಲಿ ಕಟ್ಟಡವೋ ವ್ಯಾಪಾರವೋ ಇದ್ದು ಬಾಡಿಗೆ, ಬಡ್ಡಿ, ಲಾಭ ಬರುವವರಿಗೆ ಮಾತ್ರ ಮೂರನೆಯ ದಾರಿ, ಅಂದರೆ ಆದಾಯದ ದಾರಿ ತೆರೆದೀತು. ನಮ್ಮ ಉದಾಹರಣೆಯ ಗೃಹಸ್ಥರು ಹೋದದ್ದು ಆ ದಾರಿಯಲ್ಲಿ.

ಏರಿದ ಬಾಡಿಗೆ, ಇಳಿದ ಆದಾಯ

2020ರಲ್ಲಿ ಅವರ ಖಾತೆಗೆ ತಿಂಗಳಿಗೆ 4,10,000 ರೂಪಾಯಿ ಬರುತ್ತಿತ್ತು. ಆಗ ಒಂದು ದಿರ್ಹಮಿಗೆ ಸುಮಾರು 20 ರೂಪಾಯಿ. ಭಾಗಿಸಿದರೆ 20,500 ದಿರ್ಹಂ. ಗೆರೆಯ ಮೇಲೆ ಸ್ವಲ್ಪವೇ ಆದರೂ ಗೆರೆ ದಾಟಿತು.

2025ಕ್ಕೆ ಅದೇ ಖಾತೆಗೆ 4,40,000 ರೂಪಾಯಿ ಬರುತ್ತಿತ್ತು. 30,000 ಏರಿದೆ. ಆದರೆ ಅಷ್ಟರಲ್ಲಿ ಒಂದು ದಿರ್ಹಮಿಗೆ 23 ರೂಪಾಯಿ ದಾಟಿತ್ತು. 23ರಂತೆಯೇ ಭಾಗಿಸಿದರೂ 19,130 ದಿರ್ಹಂ. 870 ದಿರ್ಹಂ ಕಡಿಮೆ!

ಇದರ ಗುಟ್ಟು ಇಷ್ಟೇ. ದಿರ್ಹಂ ಡಾಲರಿಗೆ ಗಂಟು ಹಾಕಿಕೊಂಡ ನಾಣ್ಯ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಂ ಎಂಬ ದರ ಅಲುಗಾಡಿಲ್ಲ. ಡಾಲರಿನ ಎದುರು ರೂಪಾಯಿ ಇಳಿದಾಗಲೆಲ್ಲ ದಿರ್ಹಮಿನ ಎದುರೂ ಅಷ್ಟೇ ಇಳಿಯುತ್ತದೆ. ಗಲ್ಫಿನಲ್ಲಿ ದುಡಿಯುವವನಿಗೆ ಇದು ಲಾಭ. ಊರಿಗೆ ಕಳುಹಿಸಿದ ಹಣ ಹೆಚ್ಚು ರೂಪಾಯಿಯಾಗಿ ಇಳಿಯುತ್ತದೆ. ರೂಪಾಯಿ ಇಳಿದ ದಿನ ಎಕ್ಸ್‌ಚೇಂಜ್ ಅಂಗಡಿಯ ಮುಂದೆ ಸಾಲು ನಿಲ್ಲುವುದು ಇದಕ್ಕೇ. ಆದರೆ ನಿವೃತ್ತನಾದ ಮೇಲೆ ಹೊಳೆ ಹಿಮ್ಮುಖವಾಗಿ ಹರಿಯುತ್ತದೆ. ಈಗ ಆದಾಯ ರೂಪಾಯಿಯಲ್ಲಿ, ಅಳತೆಗೋಲು ದಿರ್ಹಮಿನಲ್ಲಿ. ಇಷ್ಟು ವರ್ಷ ಲಾಭವಾಗಿದ್ದದ್ದೇ ಈಗ ನಷ್ಟ. ಮೊದಲ ಸಲ ವೀಸಾ ಸಿಕ್ಕಿತೆಂದು ನವೀಕರಣವೂ ತನ್ನಷ್ಟಕ್ಕೆ ಆಗುತ್ತದೆ ಎಂದುಕೊಳ್ಳುವುದು ಇಲ್ಲಿ ಮೋಸ ಹೋಗುವ ದಾರಿ. ನವೀಕರಣವೆಂದರೆ ಹೊಸ ಪರೀಕ್ಷೆ, ಹಳೆಯ ಅಂಕಪಟ್ಟಿ ಅಲ್ಲಿ ನಡೆಯದು.

ಚೀಲದಲ್ಲಿ ಬಂದ 50,000

ಕತೆ ಇಲ್ಲಿಗೆ ಮುಗಿಯಲಿಲ್ಲ. ನಿಜವಾಗಿ ನೋಡಿದರೆ ಅವರ ಬಾಡಿಗೆ 4,40,000 ಅಲ್ಲ, 4,90,000. ಎರಡು ಮಳಿಗೆಯವರು ತಲಾ 25,000 ರೂಪಾಯಿಯನ್ನು ನಗದಾಗಿ ಕೊಡುತ್ತಿದ್ದರು. ಊರಿನಲ್ಲಿದ್ದ ಭಾವ ಅದನ್ನು ವಸೂಲು ಮಾಡಿ, ಅಜ್ಜಿಯ ಔಷಧಿ, ತೋಟದ ಆಳಿನ ಸಂಬಳ, ದೈವದ ಕೋಲದ ವಂತಿಗೆ ಎಂದು ಖರ್ಚು ಮಾಡಿ ಉಳಿದದ್ದನ್ನು ಮನೆಯಲ್ಲಿ ಕೊಡುತ್ತಿದ್ದರು. ಭಾವನ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲ. ಒಂದು ರೂಪಾಯಿ ಹೆಚ್ಚುಕಮ್ಮಿ ಆದದ್ದಿಲ್ಲ. ಆದರೆ ಆ ಹಣ ಯಾವ ಬ್ಯಾಂಕಿನ ಪುಸ್ತಕದಲ್ಲೂ ಇಲ್ಲ.

4,90,000ವನ್ನು 23ರಿಂದ ಭಾಗಿಸಿ. 21,304 ದಿರ್ಹಂ. ನೆಮ್ಮದಿಯಾಗಿ ಗೆರೆ ದಾಟುವ ಮೊತ್ತ! ‘ಅಪ್ಪಾ, ಆ ಎರಡು ಅಂಗಡಿಯವರೂ ಬ್ಯಾಂಕಿಗೇ ಹಾಕಿದ್ದರೆ ಸಾಕಿತ್ತಲ್ಲ?’ ಎಂದು ಮಗಳು ಕೇಳಿದರೆ ಅಪ್ಪ ಏನು ಹೇಳಬೇಕು?

ಇಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ನಗದು ಬಾಡಿಗೆ ಎಷ್ಟೋ ಕಡೆ ಆದಾಯ ತೆರಿಗೆಯ ರಿಟರ್ನಿನಲ್ಲೂ ಕಾಣಿಸುವುದಿಲ್ಲ. ‘ಸ್ವಲ್ಪ ತೆರಿಗೆ ಉಳಿಯಿತು’ ಎಂದು ಅಂದು ಸಂತೋಷಪಟ್ಟವರು, ತೆರಿಗೆಗೆ ಕಾಣದ ಹಣ ವೀಸಾಕ್ಕೂ ಕಾಣುವುದಿಲ್ಲ ಎಂಬುದನ್ನು ವರ್ಷಗಳ ಮೇಲೆ ಕಲಿಯುತ್ತಾರೆ.

ವೀಸಾ ಕಚೇರಿ ಸಾಮಾನ್ಯವಾಗಿ ಕೇಳುವುದು ಹಿಂದಿನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ವೀಸಾ ಮುಗಿಯಲು ಎಂಟು ತಿಂಗಳಿರುವಾಗ ಈ ಕೊರತೆ ಗೊತ್ತಾಗಿದ್ದರೆ ಮಾಡುವುದು ಸುಲಭವಿತ್ತು. ಎರಡು ಮಳಿಗೆಗೂ ಕರಾರುಪತ್ರ ಬರೆಸಿ, ಬಾಡಿಗೆಯನ್ನು ಖಾತೆಗೆ ತುಂಬಿಸಿ, ರಿಟರ್ನಿನಲ್ಲಿ ತೋರಿಸಿದ್ದರೆ ಆರು ತಿಂಗಳ ದಾಖಲೆ ತಾನಾಗಿ ತಯಾರಾಗುತ್ತಿತ್ತು. ಎರಡೇ ತಿಂಗಳಿರುವಾಗ ಗೊತ್ತಾದರೆ? ಉಳಿತಾಯವೋ ಆಸ್ತಿಯೋ ತೋರಿಸುವ ಬೇರೆ ದಾರಿ ಇದೆಯೇ ನೋಡಬೇಕು. ಅದೂ ಇಲ್ಲದಿದ್ದರೆ ಬೋರ್ಡ್ ಪರೀಕ್ಷೆಯ ವರ್ಷದಲ್ಲಿ ಮಗಳ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಬೇಕು. ತಿಂಗಳಿಗೆ 870 ದಿರ್ಹಮಿನ ಕೊರತೆಗೆ ತೆರಬೇಕಾದ ಬೆಲೆ ಇದು.

ನಮ್ಮ ಊರಿನದೇ ತೊಡಕುಗಳು

ನಗದು ಒಂದೇ ಅಲ್ಲ, ಕಡತ ಸೋಲುವ ಕಾರಣಗಳು ಇನ್ನೂ ಕೆಲವಿವೆ. ಅವುಗಳಲ್ಲಿ ಕೆಲವು ನಮ್ಮ ಕರಾವಳಿಗೇ ವಿಶೇಷವಾದವು.

ಮೊದಲನೆಯದು ಹೆಸರು. ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಒಂದೇ ಅಕ್ಷರ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರ ಬಿಡಿಸಿ ತಂದೆಯ ಹೆಸರು. ಪಹಣಿಯಲ್ಲಿ ಮನೆತನದ ಹೆಸರು. ಬ್ಯಾಂಕಿನಲ್ಲಿ ಮತ್ತೊಂದು ಬಗೆಯ ಕಾಗುಣಿತ. ನಾಲ್ಕೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು. ದುಬೈಯ ಕಚೇರಿಯಲ್ಲಿ ಕುಳಿತವನಿಗೆ ಅದು ಗೊತ್ತಾಗುವುದು ಹೇಗೆ? ಅವನ ಕಣ್ಣಿಗೆ ಅವರು ನಾಲ್ಕು ಜನ.

ಎರಡನೆಯದು ಕುಟುಂಬದ ಆಸ್ತಿ. ಅಳಿಯಸಂತಾನದ ಕುಟುಂಬಗಳಲ್ಲಿ ಪಾಲಾಗದ ಜಾಗ, ತೀರಿಹೋದ ಅಜ್ಜಿಯ ಹೆಸರಿನಲ್ಲೇ ಉಳಿದ ಖಾತೆ ಈಗಲೂ ಅಪರೂಪವಲ್ಲ. ಪಾಲು ಕೇಳುವ ಹಕ್ಕನ್ನು 1949ರ ಮದರಾಸು ಅಳಿಯಸಂತಾನ ಕಾಯಿದೆಯೇ ಕೊಟ್ಟಿದ್ದರೂ ‘ಮನೆಯ ಮರ್ಯಾದೆ’ ಎಂದು ಅದನ್ನು ಮುಂದೂಡಿದವರು ಎಷ್ಟೋ ಮಂದಿ. ಹಿರಿಯರೊಬ್ಬರು ಬಾಡಿಗೆ ವಸೂಲು ಮಾಡಿ ವರ್ಷಕ್ಕೊಮ್ಮೆ ಎಲ್ಲರಿಗೂ ಹಂಚುತ್ತಾರೆ. ಕೈಗೆ ಬಂದ ಹಣ ನಿಮ್ಮದೇ. ಆದರೆ ಕಾಗದದ ಪ್ರಕಾರ ಅದು ನಿಮ್ಮ ಆದಾಯ ಎನ್ನಲು ಆಧಾರವಿಲ್ಲ.

ಮೂರನೆಯದು ತಪ್ಪು ಖಾತೆ. ಅನಿವಾಸಿಯಾದ ಮೇಲೆ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂಬುದು ವಿದೇಶಿ ವಿನಿಮಯದ ನಿಯಮ. ಬಾಡಿಗೆಯಂಥ ಊರಿನ ಆದಾಯ ಬೀಳಬೇಕಾದದ್ದು ಅಲ್ಲಿಗೆ. ವಿದೇಶದಿಂದ ಕಳುಹಿಸಿದ ಹಣಕ್ಕೆ ಎನ್‌ಆರ್‌ಇ ಖಾತೆ. ಹತ್ತಿಪ್ಪತ್ತು ವರ್ಷದಿಂದ ಹಳೆಯ ಖಾತೆಯನ್ನೇ ನಡೆಸಿಕೊಂಡು ಬಂದವರು ಆ ಸ್ಟೇಟ್‌ಮೆಂಟನ್ನು ಹೊರಗೆ ತೋರಿಸಲು ಹೊರಟಾಗ, ತಮ್ಮದೇ ಆದಾಯದ ಜತೆಗೆ ತಮ್ಮದೇ ತಪ್ಪನ್ನೂ ತೋರಿಸಿದಂತಾಗುತ್ತದೆ.

ನಾಲ್ಕನೆಯದು ಅಲ್ಲಿಯ ತೊಡಕು. ಎಮಿರೇಟ್ಸ್‌ನಲ್ಲಿ ವ್ಯಕ್ತಿಗಳ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ತೆರಿಗೆ ಇಲ್ಲವೆಂದರೆ ರಿಟರ್ನೂ ಇಲ್ಲ. ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡಿಸುವ ವೇತನ ಸಂರಕ್ಷಣಾ ವ್ಯವಸ್ಥೆ ಬಂದದ್ದು 2009ರಲ್ಲಿ. ಅದಕ್ಕೆ ಹಿಂದೆ ಲಕೋಟೆಯಲ್ಲಿ ನಗದು ಎಣಿಸಿಕೊಂಡವರಿಗೆ ತಾವು ದುಡಿದದ್ದಕ್ಕೆ ಸಾಕ್ಷಿಯೆಂದರೆ ಪಾಸ್‌ಪೋರ್ಟಿನ ಮುದ್ರೆ ಮತ್ತು ಬೆನ್ನುನೋವು!

ಥಾಯ್ಲೆಂಡಿನಿಂದ ಒಂದು ಪಾಠ

ಈ ಕಷ್ಟ ನಮ್ಮವರಿಗೆ ಮಾತ್ರವಲ್ಲ. ಥಾಯ್ಲೆಂಡಿನಲ್ಲಿ 50 ದಾಟಿದ ವಿದೇಶಿ ನಿವೃತ್ತರು ವರ್ಷ ವರ್ಷವೂ ವಾಸದ ಪರವಾನಗಿ ಮುಂದುವರಿಸಿಕೊಳ್ಳಬಹುದು. ಅದಕ್ಕೆ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ಇರಬೇಕು. ಬಹಳ ವರ್ಷ ಅನೇಕರು ತಮ್ಮ ದೇಶದ ರಾಯಭಾರ ಕಚೇರಿಗೆ ಹೋಗಿ ‘ನನಗೆ ಇಷ್ಟು ಪಿಂಚಣಿ ಇದೆ’ ಎಂಬ ಪತ್ರ ಪಡೆದು ಕೆಲಸ ಮುಗಿಸುತ್ತಿದ್ದರು. ಬ್ರಿಟನ್, ಅಮೆರಿಕ ಮತ್ತು ಆಸ್ಟ್ರೇಲಿಯಾದ ರಾಯಭಾರ ಕಚೇರಿಗಳು 2019ರ ಆರಂಭದ ಹೊತ್ತಿಗೆ ಅಂಥ ಪತ್ರ ಕೊಡುವುದನ್ನೇ ನಿಲ್ಲಿಸಿದವು. ಎಷ್ಟೋ ಮುದುಕರು ಕಂಗಾಲಾದರು. ಅಂದಿನಿಂದ ಆದಾಯದ ದಾರಿ ಹಿಡಿಯುವವರು ಹೊರದೇಶದಿಂದ ತಿಂಗಳು ತಿಂಗಳೂ ಹಣ ಬಂದದ್ದನ್ನು ಥಾಯ್ ಬ್ಯಾಂಕಿನ ದಾಖಲೆಯಲ್ಲೇ ತೋರಿಸಬೇಕಾಯಿತು. ಠೇವಣಿಯ ದಾರಿಗೂ ನಿಯಮ ಬಿಗಿಯಾಯಿತು: ಅರ್ಜಿಗೆ ಎರಡು ತಿಂಗಳ ಮೊದಲಿನಿಂದ, ಪರವಾನಗಿ ಸಿಕ್ಕ ಮೂರು ತಿಂಗಳ ನಂತರದವರೆಗೆ 8 ಲಕ್ಷ ಕದಲಬಾರದು; ಉಳಿದ ಕಾಲದಲ್ಲಿಯೂ 4 ಲಕ್ಷಕ್ಕಿಂತ ಇಳಿಯಬಾರದು.

ಯಾರೋ ಒಬ್ಬರು ‘ಇವರಿಗೆ ಆದಾಯ ಇದೆ’ ಎಂದು ಬರೆದುಕೊಡುವ ಕಾಲ ಹೋಯಿತು. ಆದಾಯವೇ ತಿಂಗಳು ತಿಂಗಳೂ ಬಂದು ಸಹಿ ಹಾಕಬೇಕು.

ಓದಲು ಹೊರಟವರಿಗೂ ಇದೇ ಪಾಠ

‘ನಿವೃತ್ತರ ಕತೆ ನಮಗೇಕೆ?’ ಎಂದು ವಿದ್ಯಾರ್ಥಿಗಳು ಕೇಳಬಹುದು. ಸ್ವಲ್ಪ ತಾಳಿ. ನಿಮ್ಮಲ್ಲಿ ಕೆಲವರು ಪದವಿ ಮುಗಿಸಿ ಜರ್ಮನಿಗೋ ಬ್ರಿಟನ್ನಿಗೋ ಹೋಗುವ ಕನಸು ಕಾಣುತ್ತಿರಬಹುದು. ಅಂಕಪಟ್ಟಿ ಚೆನ್ನಾಗಿದೆ, ಸೀಟು ಸಿಕ್ಕಿದೆ. ಆಗ ನಿಮ್ಮೆದುರು ಬರುವುದೂ ಇದೇ ಪ್ರಶ್ನೆ: ಹಣ ಎಲ್ಲಿದೆ, ಎಷ್ಟು ದಿನದಿಂದ ಇದೆ, ಯಾರದು?

ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ತೋರಿಸುವ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು. ಒಂದು ದಿನ ಮೊತ್ತ ಗೆರೆಯ ಕೆಳಗಿಳಿದರೂ ಎಣಿಕೆ ಮತ್ತೆ ಮೊದಲಿನಿಂದ. ತಂದೆತಾಯಿಯ ಖಾತೆಯಾದರೆ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಜತೆಗಿರಬೇಕು. ಸೋದರಮಾವನ ಖಾತೆ ನಡೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸೋದರಮಾವನ ಸ್ಥಾನ ಏನೆಂದು ಲಂಡನ್ನಿನ ಅಧಿಕಾರಿಗೆ ವಿವರಿಸುವವರು ಯಾರು? ಮಾವ ಸಹಾಯ ಮಾಡುವುದಿದ್ದರೆ ಹಣವನ್ನು ಮೊದಲೇ ಅಪ್ಪನ ಖಾತೆಗೋ ನಿಮ್ಮ ಖಾತೆಗೋ ದಾನಪತ್ರದೊಂದಿಗೆ ವರ್ಗಾಯಿಸಿ, ಅಲ್ಲಿಂದ 28 ದಿನ ಎಣಿಸಬೇಕು.

ಜರ್ಮನಿಯದು ಇನ್ನೊಂದು ಬಗೆ. ಅಲ್ಲಿ ವಿದ್ಯಾರ್ಥಿಯ ಹೆಸರಿನಲ್ಲಿ ಒಂದು ತಡೆಹಿಡಿದ ಖಾತೆ ತೆರೆದು ಒಂದು ವರ್ಷದ ಖರ್ಚನ್ನು ಮೊದಲೇ ತುಂಬಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು. ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬಿಡುತ್ತಾರೆ. ಇಡಿಗಂಟನ್ನು ತಿಂಗಳ ಆದಾಯವಾಗಿ ಮಾಡಿಕೊಡುವ ಏರ್ಪಾಡು ಇದು. ಗ್ರಾಚ್ಯುಟಿ ಪಡೆದು ಬಂದ ಅಪ್ಪನಿಗೆ ಬೇಕಾಗಿದ್ದದ್ದೂ ಇದೇ ಅಲ್ಲವೇ?

ಈ ಹೊತ್ತಿನಲ್ಲಿಯೇ ಕೆಲವು ಏಜೆಂಟರು ಹತ್ತಿರ ಬರುತ್ತಾರೆ. ‘ಚಿಂತೆ ಬೇಡ ಮಾರಾಯ್ರೆ, ಒಂದು ತಿಂಗಳಿಗೆ ಹಣ ನಾವು ಹಾಕ್ತೇವೆ, ವೀಸಾ ಆದ ಮೇಲೆ ತೆಗೀತೇವೆ, ಕಮಿಷನ್ ಕೊಟ್ಟರೆ ಸಾಕು’ ಎನ್ನುತ್ತಾರೆ. ಅಥವಾ ಸ್ಟೇಟ್‌ಮೆಂಟನ್ನೇ ‘ತಯಾರು’ ಮಾಡಿಕೊಡುತ್ತಾರೆ. ಪಾಲಕರೇ, ಈ ಮಾತಿಗೆ ಕಿವಿಗೊಡಬೇಡಿ. ವಂಚನೆ ಸಿಕ್ಕಿಬಿದ್ದರೆ ಬ್ರಿಟನ್ ಹತ್ತು ವರ್ಷ, ಕೆನಡಾ ಐದು ವರ್ಷ ಬಾಗಿಲು ಮುಚ್ಚಬಹುದು. ಕಮಿಷನ್ ಪಡೆದವನ ಹೆಸರು ಆ ಅರ್ಜಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಇರುವುದು ನಿಮ್ಮ ಮಗುವಿನ ಹೆಸರು.

ಒಂದು ಮನೆ, ಎರಡು ಆದಾಯ

ಇನ್ನೊಂದು ಸಂಗತಿ ಸ್ವಲ್ಪ ಇರುಸುಮುರುಸಿನದು. ವಿದ್ಯಾರ್ಥಿವೇತನಕ್ಕೋ ಶುಲ್ಕ ವಿನಾಯಿತಿಗೋ ಅರ್ಜಿ ಹಾಕುವಾಗ ನಾವು ನಾಡಕಚೇರಿಗೆ ಹೋಗುತ್ತೇವೆ. ಅಲ್ಲಿ ಬೇಕಾದದ್ದು ಆದಾಯ ಕಡಿಮೆ ಎಂಬ ಪ್ರಮಾಣಪತ್ರ. ನಮ್ಮ ರಾಜ್ಯದಲ್ಲಿ ಅದರ ಅವಧಿ ಐದು ವರ್ಷ. ಅದೇ ಐದು ವರ್ಷದೊಳಗೆ ಅದೇ ಮನೆಯಿಂದ ವೀಸಾಕ್ಕೆ ಇನ್ನೊಂದು ಅರ್ಜಿ ಹೋಗುತ್ತದೆ. ಅಲ್ಲಿ ಬೇಕಾದದ್ದು ಆದಾಯ ಧಾರಾಳವಾಗಿದೆ ಎಂಬ ಪ್ರಮಾಣ!

ಎರಡೂ ನಿಜವಾಗಿರಲು ಸಾಧ್ಯವಿದೆ. ಅಪ್ಪನ ಕೆಲಸ ಹೋದ ವರ್ಷ ಆದಾಯ ಇಳಿದಿರಬಹುದು. ಜಾಗ ಮಾರಿ, ಸಾಲ ಪಡೆದು ಕೈಯಲ್ಲಿ ಮೊತ್ತ ಇರಬಹುದು. ಆದಾಯ ಬೇರೆ, ಆಸ್ತಿ ಬೇರೆ. ಆದರೆ ಅನುಕೂಲವಿದ್ದ ಕಡೆ ಬಡವ, ಅನುಕೂಲವಿದ್ದ ಕಡೆ ಶ್ರೀಮಂತ ಆಗುವವರೂ ಇದ್ದಾರೆ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಒಂದಕ್ಕೊಂದು ಹೆಣೆದುಕೊಂಡಿರುವ ಈ ಕಾಲದಲ್ಲಿ ಎರಡು ಮುಖವಾಡ ಬಹಳ ದಿನ ನಡೆಯದು. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ಹದಿನೇಳು ವರ್ಷದ ಮಗ ಪಕ್ಕದಲ್ಲಿ ನಿಂತಿರುತ್ತಾನೆ. ಅವನು ಅಂಕಗಣಿತವನ್ನು ಶಾಲೆಯಲ್ಲಿ ಕಲಿಯುತ್ತಾನೆ, ಲೆಕ್ಕವನ್ನು ಮನೆಯಲ್ಲಿ ಕಲಿಯುತ್ತಾನೆ.

ಎರಡಾಣೆಯ ಜಾಣತನ

ವಿಚಿತ್ರವೆಂದರೆ, ಈ ಪಾಠವನ್ನು ದೇಶಕ್ಕೇ ಹೇಳಿಕೊಟ್ಟ ಜಿಲ್ಲೆ ನಮ್ಮದು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಆರಂಭಿಸಿದ ಸಂಸ್ಥೆ ಕೆನರಾ ಬ್ಯಾಂಕಾಗಿ ಬೆಳೆಯಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆ, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಇವುಗಳಲ್ಲಿ ಕೆಲವು ಹೆಸರುಗಳು 2019 ಮತ್ತು 2020ರ ವಿಲೀನಗಳಲ್ಲಿ ಮರೆಯಾದವು.

ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ಹಿರಿಯರು ಮರೆತಿರಲಾರರು. ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ಸಂಬಳವಿಲ್ಲದ ನೇಕಾರ, ಮೀನು ಮಾರುವ ಹೆಂಗಸು, ಸಣ್ಣ ಅಂಗಡಿಯವ ಎಲ್ಲರಿಗೂ ಅದರಿಂದ ಎರಡು ಲಾಭ. ಹಣ ಕೂಡುತ್ತಿತ್ತು ಎಂಬುದು ಒಂದು. ‘ಈ ಮನುಷ್ಯ ದಿನವೂ ಇಷ್ಟು ಉಳಿಸಬಲ್ಲ’ ಎಂಬುದಕ್ಕೆ ತಾರೀಕು ಸಹಿತ ಸಾಕ್ಷಿ ಹುಟ್ಟುತ್ತಿತ್ತು ಎಂಬುದು ಇನ್ನೊಂದು. ಎಂಟು ಲಕ್ಷ ಬಾತ್ ಕೇಳುವ ಥಾಯ್ಲೆಂಡೂ, 28 ದಿನ ಎಣಿಸುವ ಬ್ರಿಟನ್ನೂ ಇಂದು ಹುಡುಕುತ್ತಿರುವುದು ಅಂಥದೇ ಸಾಕ್ಷಿಯನ್ನು.

ಏನು ಮಾಡಬಹುದು?

ಗಲ್ಫಿನಲ್ಲಿರುವ ಪಾಲಕರು ವೀಸಾದ ಕೊನೆಯ ತಾರೀಕಿನಿಂದ ಹಿಂದಕ್ಕೆ ಒಂದು ವರ್ಷ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆ ದಿನ ರೂಪಾಯಿ ಆದಾಯವನ್ನು ಅಂದಿನ ದರದಲ್ಲಿ ದಿರ್ಹಮಿಗೆ ಪರಿವರ್ತಿಸಿ ನೋಡಿ. ಗೆರೆಗಿಂತ ಹತ್ತು ಹದಿನೈದು ಶೇಕಡಾ ಮೇಲಿಲ್ಲದಿದ್ದರೆ ರೂಪಾಯಿಯ ಒಂದು ಜಾರಿಕೆ ಸಾಕು, ಕೆಳಗೆ ಬೀಳುತ್ತೀರಿ.

ಬಾಡಿಗೆ ಎಷ್ಟೇ ಸಣ್ಣದಿರಲಿ, ಕರಾರುಪತ್ರ ಇರಲಿ, ಹಣ ಬ್ಯಾಂಕಿಗೇ ಬೀಳಲಿ. ಅನಿವಾಸಿಗೆ ಬಾಡಿಗೆ ಕೊಡುವವರು ತೆರಿಗೆ ಕಡಿತ ಮಾಡಿ ಕಟ್ಟಬೇಕು. ಆ ಕಡಿತದ ಪ್ರಮಾಣಪತ್ರ, ವರ್ಷದ ರಿಟರ್ನು ಇವೆರಡೂ ನಾಳೆ ನಿಮ್ಮ ಪರವಾಗಿ ಮಾತಾಡುವ ಸಾಕ್ಷಿಗಳು. ಖಾತೆ ಸರಿಯಾದ ಬಗೆಯದೇ ಎಂದು ಬ್ಯಾಂಕಿನಲ್ಲಿ ಕೇಳಿ. ಪಾಲಾಗದ ಆಸ್ತಿಯಿದ್ದರೆ ಹಿರಿಯರು ಇರುವಾಗಲೇ ಕುಳಿತು ಮಾತಾಡಿ. ಅವರು ಹೋದ ಮೇಲೆ ಅದೇ ಮಾತು ನ್ಯಾಯಾಲಯದಲ್ಲಿ ಆಡಬೇಕಾದೀತು.

ಗ್ರಾಚ್ಯುಟಿ ಕೈಗೆ ಬಂದಾಗ ಇಡೀ ಮೊತ್ತವನ್ನು ಮನೆಯ ಮೇಲಂತಸ್ತಿಗೋ ಮದುವೆಗೋ ಸುರಿಯುವ ಮೊದಲು ಒಂದು ಪಾಲನ್ನು ತಿಂಗಳ ಆದಾಯವಾಗಿ ಬರುವಂತೆ ಇಡಲು ಸಾಧ್ಯವೇ ಯೋಚಿಸಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಖಾತೆಯನ್ನು ಅನಿವಾಸಿಯಾಗಿರುವಾಗ ತೆರೆಯುವಂತಿಲ್ಲ; ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಅನಿವಾಸಿಗಳೂ ಸೇರಬಹುದು. ಅದಕ್ಕೆ ಅರುವತ್ತರ ತನಕ ಕಾಯದೆ ನಲುವತ್ತರಲ್ಲೇ ಸೇರಿದರೆ ಮಾತ್ರ ಫಲ.

ಇಲ್ಲಿಯ ದಾಖಲೆಗಳನ್ನು ಅಲ್ಲಿಗೆ ಒಪ್ಪಿಸುವಾಗ ನಮ್ಮ ವಿದೇಶಾಂಗ ಸಚಿವಾಲಯದ ಮತ್ತು ಆ ದೇಶದ ರಾಯಭಾರ ಕಚೇರಿಯ ದೃಢೀಕರಣ ಬೇಕಾಗಬಹುದು. ಅದಕ್ಕೂ ವಾರಗಳು ಬೇಕು.

ವಿದ್ಯಾರ್ಥಿಗಳಿಗೆ ಒಂದೇ ಕೆಲಸ ಹೇಳುತ್ತೇನೆ. ಈ ಭಾನುವಾರ ಆ ಕಪಾಟಿನ ಕಡತ ಹೊರತೆಗೆಯಿರಿ. ಒಂದು ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಪಾಸ್‌ಪೋರ್ಟ್, ಆಧಾರ್, ಬ್ಯಾಂಕ್, ಅಂಕಪಟ್ಟಿಗಳಲ್ಲಿ ಹೇಗಿದೆ ಎಂದು ಪಟ್ಟಿ ಮಾಡಿ. ಇನ್ನೊಂದರಲ್ಲಿ ಮನೆಗೆ ಬರುವ ಹಣ ಯಾವುದು, ಯಾವ ಖಾತೆಗೆ, ಯಾವ ಕಾಗದದ ಆಧಾರದಲ್ಲಿ ಎಂದು ಬರೆಯಿರಿ. ಆಧಾರದ ಅಂಕಣ ಖಾಲಿ ಉಳಿದ ಕಡೆ ಕೆಂಪು ಗೆರೆ ಎಳೆದು ಅಪ್ಪ ಅಮ್ಮನ ಮುಂದೆ ಇಡಿ.

ಬೈಗುಳ ಸಿಗಬಹುದು. ‘ನಿನ್ನ ಓದು ನೋಡ್ಕೋ’ ಎನ್ನಬಹುದು. ಆದರೂ ಆ ಹಾಳೆಯನ್ನು ಕಡತದ ಮೇಲೆಯೇ ಇಟ್ಟುಬಿಡಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಒಮ್ಮೆ ಓದದೆ ಇರಲಾರರು.